ಮಗುವಿನ ಪಕ್ಕದಲ್ಲಿ ಬೆಳೆದದ್ದು

ಎರಡು ಎಂದದ್ದೊಂದು ಬಿಟ್ಟರೆ ಸ್ಕ್ಯಾನ್ ಮಾಡುವ ಹುಡುಗಿ ಹೇಳಿದ ಮಿಕ್ಕ ಯಾವ ಮಾತೂ ನಮ್ಮ ತಲೆಗೆ ಹೋಗಲಿಲ್ಲ. ಏಳನೆಯ ವಾರ. ಮನುಕಾವ್‌ನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದ್ದೆ. ಒಂದರಲ್ಲಿ ಎದೆಬಡಿತ ಚೆನ್ನಾಗಿ ಕಾಣಿಸುತ್ತಿದೆ, ಪಕ್ಕದ್ದರ ಬಗ್ಗೆ ಈಗಲೇ ಏನೂ ಹೇಳುವಂತಿಲ್ಲ, ಹನ್ನೆರಡನೆಯ ವಾರದಲ್ಲಿ ಮತ್ತೆ ನೋಡೋಣ ಎಂದು ಅವಳು ಬಿಡಿಸಿ ಹೇಳಿದ್ದಳು. ರಿಪೋರ್ಟಿನಲ್ಲೂ ಅದನ್ನೇ ಬರೆದಿದ್ದರು. ನಾವು ಅದನ್ನು ಓದದೆಯೇ ಮಡಚಿ ಕಾರಿನೊಳಗೆ ಹಾಕಿದೆವು. ಕಾರು ಹೊರಡುವ ಮೊದಲೇ ನನ್ನ ಗಂಡ ಊರಿಗೆ ಫೋನ್ ಮಾಡಿ ಅವರಮ್ಮನಿಗೆ ಅವಳಿ ಎಂದು ಹೇಳಿಬಿಟ್ಟ.

ಎರಡು ವರ್ಷ ಕಾದು, ಬೇಸತ್ತು, ಕೊನೆಗೆ ಫರ್ಟಿಲಿಟಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದವರು ನಾವು. ಅಂಡಾಣು ಬೆಳೆಯಲಿ ಎಂದು ಮಾತ್ರೆ ಕೊಟ್ಟರು. ಮೂರನೆಯ ತಿಂಗಳು ಒಂದರ ಬದಲು ಎರಡು ಬೆಳೆದವು. ಅವಳಿಯಾಗಬಹುದು, ಅವಳಿಯಲ್ಲಿ ತೊಡಕು ಜಾಸ್ತಿ ಎಂದು ಅಲ್ಲಿಯ ನರ್ಸ್ ಎಚ್ಚರಿಸಿದಳು. ಎಚ್ಚರಿಕೆಯಂತೆ! ನನಗದು ಸೀರೆ ಅಂಗಡಿಯ ಆಷಾಢದ ಆಫರಿನ ಹಾಗೆ ಕೇಳಿಸಿತು. ಎರಡು ಮಕ್ಕಳೂ ಒಟ್ಟಿಗೇ ಆಗಿಹೋಗಲಿ, ಮತ್ತೆ ಈ ಮೆಟ್ಟಿಲು ಹತ್ತುವುದು ತಪ್ಪುತ್ತದೆ ಎಂದು ಗಂಡನಿಗೆ ಹೇಳಿದ್ದೆ.

ನಾನು ಮೈಸೂರಿನಿಂದ ಈ ದೇಶಕ್ಕೆ, ಆಲ್ಬನಿಯಲ್ಲಿ ಓದಲು ಬಂದವಳು. ಅಲ್ಲಿ ಫ್ಲ್ಯಾಟ್‌ಮೇಟ್ ಆಗಿ ಸಿಕ್ಕವನನ್ನೇ ಮದುವೆಯಾಗಿ, ಫ್ಲ್ಯಾಟ್ ಬುಷ್‌ನ ಹೊಸ ಬಡಾವಣೆಯಲ್ಲಿ ಮನೆ ಮಾಡಿದೆ. ಅವನು ಸಾಫ್ಟ್‌ವೇರು. ನನ್ನದು ಮಳೆನೀರಿನ ಚರಂಡಿಗಳ ನಕ್ಷೆ ಮಾಡುವ ಕೆಲಸ. ಮಗಳು ಇಂಜಿನಿಯರ್ ಎಂದು ಅಮ್ಮ ಮೈಸೂರಿನಲ್ಲಿ ಎಲ್ಲರಿಗೂ ಹೇಳುತ್ತಾಳೆ, ಚರಂಡಿ ಎಂಬುದನ್ನು ಮಾತ್ರ ನುಂಗಿಬಿಡುತ್ತಾಳೆ. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊರಗೆ ಬಿಡಬಾರದು ಎನ್ನುವುದು ನಮ್ಮವರ ಪದ್ಧತಿ. ಎರಡು ವರ್ಷ 'ಏನಾದ್ರೂ ವಿಶೇಷ ಉಂಟಾ' ಎಂದು ಕೇಳಿಸಿಕೊಂಡು ಕಿವಿ ತೂತಾಗಿದ್ದ ನಮಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಭಾನುವಾರದ ಹೊತ್ತಿಗೆ ಇಲ್ಲಿಯ ಕನ್ನಡದವರ ಇಡೀ ವಾಟ್ಸಾಪ್ ಗುಂಪಿಗೆ ಗೊತ್ತಾಗಿತ್ತು.

ಆಮೇಲೆ ವಾಂತಿ ಶುರುವಾಯಿತು. ಬೆಳಗಿನ ವಾಂತಿಯಲ್ಲ, ಬೆಳಗಿನಿಂದ ಬೆಳಗಿನವರೆಗೆ. ನೀರು ಕುಡಿದರೆ ನೀರು, ಮಜ್ಜಿಗೆ ಕುಡಿದರೆ ಮಜ್ಜಿಗೆ. ಸುಮ್ಮನೆ ಕೂತಿದ್ದರೂ ಎದೆ ಡವಗುಟ್ಟುತ್ತಿತ್ತು, ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ಹತ್ತನೆಯ ವಾರದಲ್ಲೇ ಹೊಟ್ಟೆ ಐದು ತಿಂಗಳಿನಷ್ಟು ಕಾಣುತ್ತಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ, ಎರಡಿದ್ದರೆ ಹಾಗೇ ಕಣಮ್ಮ. ನಮ್ಮ ಬೀದಿಯ ಕೊನೆಯಲ್ಲಿದ್ದ ಆಂಟಿಯಂತೂ ಇದು ಗಂಡೊಂದು ಹೆಣ್ಣೊಂದು ಎಂದು ಲಕ್ಷಣ ನೋಡಿಯೇ ಹೇಳಿಬಿಟ್ಟು, ಎರಡು ಬಣ್ಣದ ಉಲ್ಲನ್ನು ತಂದು ಸ್ವೆಟರಿಗೆ ಕೂತರು. ನಡುವೆ ಒಂದೆರಡು ಸಲ ಕಂದು ಬಣ್ಣದ ಕಲೆ ಕಾಣಿಸಿತು. ಅದಕ್ಕೂ ಅದೇ ಉತ್ತರ ಸಿಕ್ಕಿತು. ನನ್ನ ಬಸುರು ನೋಡಿಕೊಳ್ಳುತ್ತಿದ್ದ ಮಿಡ್‌ವೈಫ್‌ಗೆ ಅದನ್ನು ಹೇಳಲು ನಾನು ಒಂದು ವಾರ ತಡ ಮಾಡಿದೆ, ಎಲ್ಲದಕ್ಕೂ ಗೋಳಾಡುವ ಹೆಂಗಸು ಎಂದುಕೊಂಡಾಳು ಎಂದು.

ಹನ್ನೆರಡನೆಯ ವಾರದ ಸ್ಕ್ಯಾನಿನಲ್ಲಿ ಆ ಹುಡುಗಿ ಮಾತು ನಿಲ್ಲಿಸಿದಳು. ಹವಾಮಾನದ ಬಗ್ಗೆ, ವಾರಾಂತ್ಯದ ಬಗ್ಗೆ ಹರಟುತ್ತಿದ್ದವಳು ಒಮ್ಮೆಲೇ ಸುಮ್ಮನಾಗಿ, ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿ ನೋಡಿ, ಒಂದು ನಿಮಿಷ ಎಂದು ಹೊರಗೆ ಹೋದಳು. ಪರದೆಯ ಮೇಲೆ ಚಿತ್ರ ಹಾಗೇ ನಿಂತಿತ್ತು. ಒಂದು ಕಡೆ ಮಗು, ತಲೆ, ಮೂಗಿನ ತುದಿ, ಮಡಚಿದ ಕಾಲು. ಇನ್ನೊಂದು ಕಡೆ ಮಗುವಿನಂಥದ್ದು ಯಾವುದೂ ಇರಲಿಲ್ಲ. ನೆನೆಸಿಟ್ಟ ಸಾಬಕ್ಕಿಯ ಹಾಗೆ ಸಣ್ಣ ಸಣ್ಣ ಗುಳ್ಳೆ, ಕಣ್ಣು ಹಾಯಿಸಿದಷ್ಟೂ ಗುಳ್ಳೆ. ಗಂಡ ನನ್ನ ಕೈ ಹಿಡಿದುಕೊಂಡ.

ಮರುದಿನ ದೊಡ್ಡಾಸ್ಪತ್ರೆಯಲ್ಲಿ ತಜ್ಞ ವೈದ್ಯೆಯೊಬ್ಬರು ನಮ್ಮನ್ನು ಕೂರಿಸಿಕೊಂಡು ಒಂದು ಕಾಗದದಲ್ಲಿ ಚಿತ್ರ ಬರೆದು ವಿವರಿಸಿದರು. ಐವತ್ತರ ಆಸುಪಾಸಿನ ಹೆಂಗಸು, ಬೆಣ್ಣೆ ಹಚ್ಚಿ ಮಾತಾಡುವವರಲ್ಲ. ಎರಡು ಅಂಡಾಣುಗಳಲ್ಲಿ ಒಂದು ಸರಿಯಾಗಿ ಮಗುವಾಗಿದೆ. ಇನ್ನೊಂದರೊಳಗೆ ನನ್ನ ವಂಶವಾಹಿಗಳು ಇರಲೇ ಇಲ್ಲ. ಆ ಖಾಲಿ ಅಂಡಾಣುವಿನಲ್ಲಿ ತಂದೆಯ ಅಂಶವಷ್ಟೇ ಸೇರಿ, ಮಗುವಾಗದೆ ಬರೀ ಮಾಸು ಆಗಿ ಬೆಳೆಯುತ್ತಿದೆ. ಹೆರಿಗೆಯಾದ ಮೇಲೆ ಬೀಳುತ್ತದಲ್ಲ, ಆ ಮಾಸು. ಅದು ನೀರು ತುಂಬಿಕೊಂಡು ಗುಳ್ಳೆ ಗುಳ್ಳೆಯಾಗಿ ಗೊಂಚಲಾಗುತ್ತದೆ. ಬಸುರಿನ ಹಾರ್ಮೋನನ್ನು ಹುಚ್ಚು ಹಿಡಿದಂತೆ ಸುರಿಸುತ್ತದೆ. ನನ್ನ ವಾಂತಿ, ಎದೆಬಡಿತ, ಕೈ ನಡುಕ, ಉಬ್ಬಿದ ಹೊಟ್ಟೆ ಎಲ್ಲಕ್ಕೂ ಅದೇ ಕಾರಣ. ಎರಡಿದ್ದರೆ ಹಾಗೇ ಎಂದು ಸಮಾಧಾನ ಹೇಳಿದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂದು ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅವರು ಮುಖ್ಯವಾದ ಮಾತಿಗೆ ಬಂದರು. ಇದು ಹೊಟ್ಟೆಯಲ್ಲಿರುವಷ್ಟು ದಿನವೂ ರಕ್ತಸ್ರಾವ ಆಗಬಹುದು, ಬಿ.ಪಿ. ಏರಬಹುದು, ಮಗು ದಿನ ತುಂಬುವ ಮೊದಲೇ ಬರಬಹುದು, ಬದುಕದೆಯೂ ಹೋಗಬಹುದು. ಮಗು ಹುಟ್ಟಿದ ಮೇಲೂ ಇದರ ಚೂರು ಒಳಗೆ ಉಳಿದು, ಮತ್ತೆ ಬೆಳೆದು, ಶ್ವಾಸಕೋಶದವರೆಗೂ ಹೋಗುವುದುಂಟು. ಆಗ ಅದಕ್ಕೆ ಕ್ಯಾನ್ಸರಿನ ಔಷಧಿಯೇ ಬೇಕು. ಬೇಗ ಗೊತ್ತಾದರೆ ಗುಣವಾಗುತ್ತದೆ, ಗೊತ್ತು ಮಾಡಿಕೊಳ್ಳಲು ಇರುವುದು ಒಂದೇ ದಾರಿ, ಹೆರಿಗೆಯ ನಂತರ ವಾರ ವಾರ ರಕ್ತಪರೀಕ್ಷೆ. ತುಂಬ ಜನ ಈ ಹಂತದಲ್ಲೇ ಬಸುರು ತೆಗೆಸಿಕೊಳ್ಳುತ್ತಾರೆ, ಕೆಲವರು ಮುಂದುವರಿಸುತ್ತಾರೆ, ನೀವು ಯಾವುದನ್ನು ಆರಿಸಿದರೂ ನಾನು ಜೊತೆಗಿರುತ್ತೇನೆ ಎಂದರು. ಮುಂದುವರಿಸಿದರೆ ಒಂದು ಷರತ್ತು. ನನ್ನ ಜೀವಕ್ಕೆ ಅಪಾಯ ಎಂದು ಅವರಿಗೆ ಕಂಡ ಗಳಿಗೆಯಲ್ಲಿ ನಿಲ್ಲಿಸುತ್ತಾರೆ, ನಾನು ಚರ್ಚೆಗೆ ನಿಲ್ಲಬಾರದು.

ನಾನು ಅಲ್ಲೇ ಒಪ್ಪಿಕೊಂಡೆ. ಹಟ ನನ್ನ ಹುಟ್ಟುಗುಣ, ಅಮ್ಮ ಅದಕ್ಕೆ ಮೊಂಡುತನ ಎನ್ನುತ್ತಾಳೆ. ಮೂಗಿನ ತುದಿ ಕಂಡಾಗಿತ್ತು, ನನ್ನಿಂದ ಬಿಡಲಾಗುತ್ತಿರಲಿಲ್ಲ. ಗಂಡ ಮನೆಗೆ ಕಾರು ಓಡಿಸಿದ. ಅಡುಗೆಮನೆಯಲ್ಲಿ ನನಗೆ ಗಂಜಿ ಮಾಡಿ ತಂದು ಮುಂದಿಟ್ಟು, ಎದುರು ಕೂತ.

"ನಂಗೆ ಮಗು ಆಮೇಲೆ ಕಣೆ. ನೀನು ಮೊದ್ಲು."

ತಮಾಷೆ ಮಾಡಲು ನೋಡಿದೆ. ಆ ಗುಳ್ಳೆ ಪೂರ್ತಿ ನಿಮ್ಮ ಮನೆ ಕಡೆಯದೇ ಅಂತೆ, ನನ್ನದು ಚೂರೂ ಇಲ್ಲವಂತೆ, ಅದಕ್ಕೇ ಇಷ್ಟು ಕಾಟ ಎಂದೆ. ಅವನು ನಗಲಿಲ್ಲ. ಆಗ ನೆಟ್ಟಗೆ ಹೇಳಿದೆ.

"ಇವ್ಳನ್ನ ಹೆತ್ತೇ ಹೆರ್ತೀನಿ. ಆದ್ರೆ ನಿನಗೆ ಮಾತು ಕೊಡ್ತೀನಿ, ಒಂದೇ ಒಂದು ಟೆಸ್ಟ್ ತಪ್ಪಿಸಲ್ಲ. ಆಣೆ ಬೇಕಾದ್ರೆ ಹಾಕ್ತೀನಿ."

"ಆಣೆ ಬೇಡ. ಮಾಡು, ಸಾಕು," ಎಂದ.

ಆಗಿನ್ನೂ ಗಂಡೋ ಹೆಣ್ಣೋ ಗೊತ್ತಿರಲಿಲ್ಲ. ಇವಳು ಎಂದು ಬಾಯಿಗೆ ಬಂತು, ಹಾಗೇ ಉಳಿಯಿತು. ಹದಿನಾರನೆಯ ವಾರದಲ್ಲಿ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ನೋಡಿ, ಮಗುವಿನ ವಂಶವಾಹಿಗಳೆಲ್ಲ ಸರಿಯಾಗಿವೆ, ಹೆಣ್ಣುಮಗು ಎಂದು ತಿಳಿಸಿದರು. ಅವತ್ತು ಒಂದು ತಟ್ಟೆ ಚಿತ್ರಾನ್ನ ತಿಂದು ಅರಗಿಸಿಕೊಂಡೆ.

ಮಿಕ್ಕ ದಿನಗಳನ್ನು ನಾನು ಒಂದೊಂದಾಗಿ ತಳ್ಳಿದೆ. ಥೈರಾಯ್ಡ್ ಏರಿದ್ದಕ್ಕೆ ಮಾತ್ರೆ, ಬಿ.ಪಿ.ಗೆ ಮಾತ್ರೆ, ರಕ್ತ ಕಡಿಮೆಯಾದದ್ದಕ್ಕೆ ಮಾತ್ರೆ. ದಿನಕ್ಕೆ ಎರಡು ಸಲ ಬಿ.ಪಿ. ನೋಡಿ ಫ್ರಿಜ್ಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ಬರೆದೆ. ಎರಡು ಸಲ ಜೋರಾಗಿ ರಕ್ತ ಹೋಯಿತು, ಎರಡು ಸಲವೂ ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟರು. ಸೋಫಾದ ಮೇಲೆ ಎಡಮಗ್ಗುಲಾಗಿ ಮಲಗಿಕೊಂಡೇ ಒಂದು ಇಡೀ ಬಡಾವಣೆಯ ಚರಂಡಿ ಮುಗಿಸಿದೆ. ಇಪ್ಪತ್ನಾಲ್ಕನೆಯ ವಾರ ದಾಟಿದ ದಿನ, ಇನ್ನು ಮಗು ಹೊರಗೆ ಬಂದರೂ ಉಳಿಸಲು ಪ್ರಯತ್ನ ಮಾಡುತ್ತೇವೆ ಎಂದು ವೈದ್ಯೆ ಹೇಳಿದರು. ಇಪ್ಪತ್ತೆಂಟಕ್ಕೆ ಎಳೆದುಕೊಂಡು ಹೋಗು ಎಂದು ನನಗೆ ನಾನೇ ಹೇಳಿಕೊಂಡೆ, ಇಪ್ಪತ್ತೆಂಟು ಬಂದಾಗ ಮೂವತ್ತು ಎಂದೆ.

ಜನರಿಗೆ ಹೇಳುವುದು ಇನ್ನೊಂದು ಕೆಲಸವಾಯಿತು. ಬೀದಿಯ ಕೊನೆಯ ಆಂಟಿ ಜೋಡಿ ಸೀಮಂತ ಮಾಡುವುದಾಗಿ ನಿಶ್ಚಯಿಸಿ, ಎರಡೆರಡು ತಟ್ಟೆ, ಎರಡೆರಡು ಡಜನ್ ಹಸಿರು ಬಳೆ ಎಂದು ಪಟ್ಟಿ ಹಿಡಿದು ಬಂದರು. ಒಂದು ಮಗು ಆಂಟಿ, ಇನ್ನೊಂದು ಮಗು ಅಲ್ಲ, ಮಾಸು ಕೆಟ್ಟು ಬೆಳೆದಿರೋದು, ಸೀಮಂತ ಗೀಮಂತ ಏನೂ ಬೇಡ ಎಂದೆ. ಒರಟಾಗಿಯೇ ಹೇಳಿದೆ, ಮೆತ್ತಗೆ ಹೇಳಿದ್ದರೆ ಅತ್ತುಬಿಡುತ್ತಿದ್ದೆ. ಅವರು ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಅವತ್ತಿನಿಂದ ಮಂಗಳವಾರ, ಶುಕ್ರವಾರ ನಮ್ಮ ಬಾಗಿಲಲ್ಲಿ ಸಾರು ಪಲ್ಯದ ಡಬ್ಬಿ ಇರುತ್ತಿತ್ತು, ಬೆಲ್ ಕೂಡ ಒತ್ತುತ್ತಿರಲಿಲ್ಲ.

ಅಮ್ಮನಿಗೆ ಮಾತ್ರ ಅರ್ಧವನ್ನೇ ಹೇಳಿದೆವು. ಎರಡನೆಯದು ಬೆಳೆಯಲಿಲ್ಲ, ಒಂದು ಚೆನ್ನಾಗಿದೆ, ಅಷ್ಟೇ. ಕ್ಯಾನ್ಸರ್ ಎಂಬ ಮಾತನ್ನು ಅವಳ ಕಿವಿಗೆ ಹಾಕಿ, ಅವಳು ಅಷ್ಟು ದೂರದಲ್ಲಿ ಒಬ್ಬಳೇ ಕೂತು ಹೆದರುವುದು ಬೇಡ ಎಂದು ನಾನೇ ತೀರ್ಮಾನಿಸಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಮ್ಮ ಮೂವತ್ತನೆಯ ವಾರದಲ್ಲಿ ಬಾಣಂತನಕ್ಕೆಂದು ಬಂದಿಳಿದಳು. ಏರ್‌ಪೋರ್ಟಿನ ತಪಾಸಣೆಯವರು ಅವಳ ಸಾಂಬಾರ ಪುಡಿ, ಬಾಣಂತಿ ಖಾರದ ಪುಡಿಗಳನ್ನೆಲ್ಲ ಮೂಸಿ ನೋಡಿ, ಅರ್ಧ ತೆಗೆದುಕೊಂಡು ಅರ್ಧ ಬಿಟ್ಟಿದ್ದರು. ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.

ಮೂವತ್ತೆರಡನೆಯ ವಾರದಲ್ಲಿ ಬಿ.ಪಿ. ಕೈಮೀರಿತು. ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಚುಕ್ಕೆಗಳು. ಅದೇ ವೈದ್ಯೆ ಬಂದು ಇವತ್ತೇ ಎಂದರು, ನಾನು ಷರತ್ತಿನಂತೆ ಚರ್ಚೆಗೆ ನಿಲ್ಲಲಿಲ್ಲ. ಸೊಂಟಕ್ಕೆ ಸೂಜಿ ಕೊಟ್ಟು ಹೊಟ್ಟೆ ಕುಯ್ದರು. ಮಗಳು ಒಂದೂವರೆ ಕೇಜಿ ಇದ್ದಳು, ಬೆಕ್ಕಿನ ಮರಿಯ ಹಾಗೆ ಕೂಗಿದಳು. ಅವಳನ್ನು ಒಂದು ಕ್ಷಣ ನನ್ನ ಕೆನ್ನೆಗೆ ತಾಗಿಸಿ ಎತ್ತಿಕೊಂಡು ಹೋದರು, ಗಂಡ ಅವರ ಹಿಂದೆ ಓಡಿದ. ಈ ದೇಶದಲ್ಲಿ ಮಾಸನ್ನು ಮನೆಗೆ ಒಯ್ದು ತಮ್ಮ ನೆಲದಲ್ಲಿ ಹೂಳುವವರು ಬಹಳ, ಅದಕ್ಕೇ ನಿಮಗೆ ಬೇಕೇ ಎಂದು ಎಲ್ಲರನ್ನೂ ಕೇಳುತ್ತಾರೆ. ನನ್ನದನ್ನು ಲ್ಯಾಬಿಗೆ ಕಳಿಸಲೇಬೇಕಿತ್ತು. ತೋರಿಸಿ ಎಂದು ನಾನೇ ಕೇಳಿದೆ. ನರ್ಸ್ ವೈದ್ಯೆಯ ಮುಖ ನೋಡಿದಳು, ಅವರು ತಲೆಯಾಡಿಸಿದರು. ಸ್ಟೀಲಿನ ಬೋಗುಣಿಯಲ್ಲಿ ಒಂದು ಕಡೆ ಕೆಂಪಗೆ, ದಪ್ಪಗೆ, ನನ್ನ ಮಗಳಿಗೆ ಏಳು ತಿಂಗಳು ಅನ್ನ ಹಾಕಿದ ಮಾಸು. ಅದಕ್ಕೆ ಒತ್ತಿಕೊಂಡು ಇನ್ನೊಂದು ಕಡೆ ರಾಶಿ ರಾಶಿ ಗುಳ್ಳೆ. ದುಃಖವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ, ಗೆದ್ದೆ ಕಣೋ ಅನ್ನಿಸಿತು.

ಅಲ್ಲಿಂದ ಐದು ವಾರ ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ನಾನು ದಿನಾ ಹೋದೆ. ಕುಯ್ದ ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋದೆ. ಹಾಲು ಹಿಂಡಿ ಕೊಟ್ಟೆ, ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಗಂಟೆಗಟ್ಟಲೆ ಕೂತೆ. ರಕ್ತ ಕೊಡುವ ಕೋಣೆ ಅದೇ ಕಟ್ಟಡದ ಕೆಳಮಹಡಿಯಲ್ಲಿತ್ತು. ಸೋಮವಾರ ಸೋಮವಾರ ಇಳಿದುಹೋಗಿ ತೋಳು ಚಾಚುತ್ತಿದ್ದೆ. ಆ ಹಾರ್ಮೋನು ಪ್ರತಿ ವಾರವೂ ಇಳಿಯುತ್ತಿತ್ತು, ಗಂಡ ಸಂಖ್ಯೆ ಕೇಳಿ ತಿಳಿದುಕೊಂಡು ಫೋನಿನಲ್ಲಿ ಬರೆದಿಡುತ್ತಿದ್ದ. ಅಮ್ಮ ಮಾತ್ರ ಮನೆಯಲ್ಲಿ ಕುದಿಯುತ್ತಿದ್ದಳು. ಹಸಿ ಬಾಣಂತಿ ಗಾಳಿಗೆ ಮೈಯೊಡ್ಡಿ ಬೀದಿ ಸುತ್ತುವುದನ್ನು ಅವಳು ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಮಗಳು ಮನೆಗೆ ಬಂದ ದಿನ ಅಮ್ಮ ಆರತಿ ಎತ್ತಿ ಒಳಗೆ ಕರೆದುಕೊಂಡು, ಬಾಗಿಲು ಹಾಕಿ, ತೀರ್ಪು ಕೊಟ್ಟಳು. ಕಳೆದ ಐದು ವಾರ ಬಾಣಂತನವೇ ಅಲ್ಲ, ಅದನ್ನು ಎಣಿಸುವ ಹಾಗಿಲ್ಲ. ಬಾಣಂತನ ಇವತ್ತಿನಿಂದ ಶುರು, ಇಲ್ಲಿಂದ ನಲವತ್ತು ದಿನ ಹೊಸಿಲು ದಾಟುವಂತಿಲ್ಲ. ಗಂಡ ನಕ್ಕ, ನಾನೂ ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಎಂಟು ತಿಂಗಳು ಹಲ್ಲು ಕಚ್ಚಿಕೊಂಡು ನಿಂತವಳಿಗೆ ಯಾರಾದರೂ ಮಲಗು ಎಂದರೆ ಸಾಕಾಗಿತ್ತು. ಇಲ್ಲಿ ಬೇಸಿಗೆ ಶುರುವಾಗುವುದೇ ಆಗ, ಹೊರಗೆ ನವೆಂಬರಿನ ಬಿಸಿಲು ಏರುತ್ತಿದ್ದರೆ, ಒಳಗೆ ನಾನು ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಎಣ್ಣೆ ನೀರು ಹಾಕಿಸಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ತೂಕಡಿಸುತ್ತಿದ್ದೆ. ಮಗಳು ಪೈಪಿಲ್ಲದೆ, ಬಾಟಲಿಯಿಲ್ಲದೆ, ನನ್ನ ಎದೆಯಿಂದಲೇ ಕುಡಿಯಲು ಕಲಿತಳು. ಅಷ್ಟು ಸುಖವಾದ ದಿನಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸೋಮವಾರ ಬಂದಾಗ ರಕ್ತಪರೀಕ್ಷೆಗೆ ಹೋಗಬೇಕು ಎಂದೆ. ಈಗ ಅದಕ್ಕೆ ಕಾರು ಹತ್ತಿ ಅಂಗಡಿ ಸಾಲಿನ ಲ್ಯಾಬಿಗೆ ಹೋಗಿ, ಕೆಮ್ಮುವವರ ನಡುವೆ ಸರದಿಯಲ್ಲಿ ಕೂರಬೇಕಿತ್ತು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಅಡ್ಡ ನಿಂತಳು.

"ಬಾಣಂತಿ ಮೈಗೆ ರಕ್ತ ತುಂಬ್ಸೋಕೆ ನಾನು ಒದ್ದಾಡ್ತಿದೀನಿ, ಅವ್ರು ವಾರ ವಾರ ಎಳ್ಕೋತಾರೆ. ಕಡ್ಮೆ ಆಗ್ತಿದೆ ಅಂದ್ರಲ್ಲ, ಇನ್ನೇನು ನೋಡ್ಬೇಕಂತೆ?"

ಆಗ ಹೇಳಬೇಕಿತ್ತು. ಅಮ್ಮ, ಇದು ಯಾತಕ್ಕೆ ಗೊತ್ತಾ ಎಂದು ಕೂರಿಸಿಕೊಂಡು ಪೂರ್ತಿ ಹೇಳಬೇಕಿತ್ತು. ಹೇಳಲಿಲ್ಲ. ಸಂಖ್ಯೆ ಇಳಿಯುತ್ತಲೇ ಇದೆಯಲ್ಲ, ಒಂದು ವಾರದಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ಮರುವಾರವೂ ಹಾಗೇ ಅಂದುಕೊಂಡೆ. ಆಸ್ಪತ್ರೆಯ ನರ್ಸ್ ಫೋನ್ ಮಾಡಿದರೆ, ಮಗು ಮಲಗಿದೆ ಎಂದು ಸದ್ದು ತೆಗೆದಿಟ್ಟ ಫೋನು ಕೇಳಿಸುತ್ತಿರಲಿಲ್ಲ. ಮುಂದಿನ ವಾರ ಖಂಡಿತ ಎಂದು ಮೆಸೇಜು ಹಾಕಿದೆ. ಸಂಜೆ ಕೆಲಸ ಮುಗಿಸಿ ಬಂದ ಗಂಡ ಶೂ ಬಿಚ್ಚುತ್ತಾ, ಟೆಸ್ಟ್ ಆಯ್ತಾ ಎಂದು ಕೇಳಿದ. ಹೂಂ ಎಂದೆ. ನಂಬರ್ ಎಷ್ಟಂತೆ ಎಂದಾಗ, ಇನ್ನೂ ಹೇಳಿಲ್ಲ ಎಂದೆ. ಅವನಿಗೆ ನಾನು ಅಲ್ಲಿಯವರೆಗೆ ಒಂದು ಸುಳ್ಳನ್ನೂ ಹೇಳಿರಲಿಲ್ಲ, ಇದು ಮಾತ್ರ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಹೀಗೆ ಮೂರು ಸೋಮವಾರ ಹೋದವು. ನಾಲ್ಕನೆಯ ವಾರ ಒಂದು ಮಧ್ಯಾಹ್ನ, ಆಫೀಸಿನಲ್ಲಿರಬೇಕಾದ ಗಂಡ ಮನೆಗೆ ಬಂದ. ನಾನು ಫೋನೆತ್ತದ್ದಕ್ಕೆ ನರ್ಸ್ ಅವನಿಗೇ ಫೋನ್ ಮಾಡಿದ್ದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಮಂಚದ ಪಕ್ಕದಲ್ಲಿ ನಿಂತು, ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದ ಮಗಳನ್ನು ನೋಡುತ್ತಾ ಹೇಳಿದ.

"ಇವ್ಳು ಬೇಕೇ ಬೇಕು ಅಂತ ಹಟ ಹಿಡಿದವ್ಳು ನೀನು. ಈಗ ನಾನೊಬ್ನೇ ಬೆಳೆಸ್ಬೇಕಾ?"

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಏನೂ ಅರ್ಥವಾಗಲಿಲ್ಲ, ನನ್ನ ಮುಖವನ್ನೂ ಅಳಿಯನ ಮುಖವನ್ನೂ ನೋಡಿದಳು. ಆಗ ಹೇಳಿದೆ. ಗುಳ್ಳೆ, ಹಾರ್ಮೋನು, ಕ್ಯಾನ್ಸರು, ವಾರ ವಾರದ ರಕ್ತ, ಎಲ್ಲ ಹೇಳಿದೆ. ಅಮ್ಮ ಕೇಳಿಸಿಕೊಂಡು, ಬಂದು, ನನ್ನ ಕಿವಿಯ ಹತ್ತಿಯನ್ನು ತೆಗೆದಳು. ಮಗುವನ್ನು ಇಸಿದುಕೊಂಡು, ಹೋಗು, ಎದ್ದು ಹೋಗು ಎಂದಳು. ತಲೆಗೆ ಕಟ್ಟಿದ ಬಟ್ಟೆಯಲ್ಲೇ ಲ್ಯಾಬಿಗೆ ಹೋದೆ.

ಸಂಖ್ಯೆ ಏರಿತ್ತು. ಇಳಿದು ಇಳಿದು ತಳ ಮುಟ್ಟುವ ಹಾಗಿದ್ದದ್ದು ಮತ್ತೆ ತಲೆಯೆತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ನೋಡಿದರು, ಇನ್ನಷ್ಟು ಏರಿತ್ತು. ಎದೆಯ ಎಕ್ಸ್‌ರೇ ಸ್ವಚ್ಛವಾಗಿದೆ, ಅದೊಂದು ಪುಣ್ಯ ಎಂದರು ವೈದ್ಯೆ. ಟೆಸ್ಟ್ ತಪ್ಪಿಸಿದ್ದಕ್ಕೇ ಹೀಗಾಯಿತೇ ಎಂದು ಕೇಳಿದೆ. ಅವರು ಬೆಣ್ಣೆಯನ್ನೂ ಹಚ್ಚಲಿಲ್ಲ, ಬೆಂಕಿಯನ್ನೂ ಹಚ್ಚಲಿಲ್ಲ. ಬರುವುದು ಹೇಗೂ ಬರುತ್ತಿತ್ತು, ಮೂರು ವಾರ ಮೊದಲೇ ನಮಗೆ ಗೊತ್ತಾಗಿರುತ್ತಿತ್ತು ಎಂದರು. ಗುರುವಾರದಿಂದ ಇಂಜೆಕ್ಷನ್, ದಿನ ಬಿಟ್ಟು ದಿನ ಒಂದೊಂದರಂತೆ ನಾಲ್ಕು. ಆಮೇಲೆ ಒಂದು ವಾರ ಬಿಡುವು, ಮತ್ತೆ ನಾಲ್ಕು. ಸಂಖ್ಯೆ ಸರಿಹೋಗುವ ತನಕ ಹಾಗೇ. ಆ ಔಷಧಿ ಹಾಲಿನಲ್ಲಿ ಮಗುವಿಗೆ ಹೋಗುತ್ತದೆ, ಆದ್ದರಿಂದ ಗುರುವಾರ ಬೆಳಗಿನ ನಂತರ ಎದೆಹಾಲು ಕೊಡುವಂತಿಲ್ಲ ಎಂದರು. ಅಲ್ಲಿಯತನಕ ಕಲ್ಲಿನಂತೆ ಕೂತಿದ್ದ ನಾನು ಅದನ್ನು ಕೇಳಿ ಗೊಳೋ ಎಂದು ಅತ್ತೆ.

ಅತ್ತದ್ದು ಅಲ್ಲಿಗೇ ಮುಗಿಸಿದೆ, ಅಳುತ್ತ ಕೂರಲು ಎರಡೇ ದಿನವಿತ್ತು. ಡೈರಿ ಎಂದು ಇಲ್ಲಿ ಕರೆಯುವ ಬೀದಿ ಮೂಲೆಯ ಅಂಗಡಿಗೆ ಬಾಟಲಿ ತರಲು ಗಂಡನನ್ನು ಓಡಿಸಿದೆ, ಅಲ್ಲಿ ಹಾಲು ಬ್ರೆಡ್ಡು ಬಿಟ್ಟರೆ ಏನೂ ಇಲ್ಲವೆಂದು ಸೂಪರ್‌ಮಾರ್ಕೆಟ್ಟಿಗೆ ಓಡಿಸಿದೆ. ಫ್ರೀಜರಿನಲ್ಲಿದ್ದ ಹಾಲಿನ ಪೊಟ್ಟಣಗಳನ್ನು ತೆಗೆದು ಜೋಡಿಸಿದೆ, ಅವು ಎಂಟು ದಿನಕ್ಕೆ ಬರುವಷ್ಟಿದ್ದವು. ಹಾಲಿನ ಪುಡಿಯನ್ನು ಎಷ್ಟು ನೀರಿಗೆ ಎಷ್ಟು ಚಮಚ ಎಂದು ಅಮ್ಮನಿಗೆ ಕಲಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು, ಬಾಟಲಿಯ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಳೆಯುತ್ತಾ, ನನ್ನ ಕಡೆ ತಿರುಗದೆಯೇ ಮಾತಾಡಿದಳು.

"ನಿನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ ಕಣೆ."

ನಾನೂ ಹಾಗೇ ಅಂದುಕೊಂಡು ನಿನಗೆ ಹೇಳಿರಲಿಲ್ಲ ಅಮ್ಮ, ಎಂದೆ. ಅವಳ ತಪ್ಪೇನೂ ಇರಲಿಲ್ಲ. ಅವಳಿಗೆ ತಿಳಿದದ್ದನ್ನು ಅವಳು ನಿಷ್ಠೆಯಿಂದ ಮಾಡಿದಳು, ತಿಳಿಯದ ಹಾಗೆ ಮಾಡಿದವಳು ನಾನು. ಅವತ್ತು ಇಬ್ಬರೂ ಅಷ್ಟಕ್ಕೇ ಬಿಟ್ಟು ಬಾಟಲಿಗಳನ್ನು ಕುದಿಯುವ ನೀರಿಗೆ ಹಾಕಿದೆವು.

ಗುರುವಾರ ಬೆಳಿಗ್ಗೆ ಕೊನೆಯ ಸಲ ಹಾಲು ಕೊಡಲು ಕೂತೆ. ಹೊಟ್ಟೆ ತುಂಬ ಕುಡಿಯಲಿ ಎಂದು ಆಸೆ. ಅವಳು ನಾಲ್ಕು ಗುಟುಕು ಕುಡಿದು ನಿದ್ದೆ ಹೋದಳು. ಅಂಗಾಲು ಉಜ್ಜಿದೆ, ಕಿವಿ ತಿಕ್ಕಿದೆ, ಏಳಲಿಲ್ಲ. ಇಂಥ ದಿನವೇ ನಿನಗೆ ನಿದ್ದೆ ಬರಬೇಕಿತ್ತೇನೇ ಎಂದು ಬೈದೆ. ಗಂಡ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ, ಬಾ ಎನ್ನಲಿಲ್ಲ. ನಾನೇ ಎದ್ದು, ಮಗುವನ್ನು ಅಮ್ಮನ ಕೈಗೆ ಕೊಟ್ಟು, ನಡಿ ಎಂದೆ.

ಎದೆ ಕಟ್ಟಿಕೊಂಡು ಜ್ವರ ಬಂತು, ಬಾಯಿಯೊಳಗೆ ಹುಣ್ಣಾಯಿತು, ಅನ್ನದ ಅಗುಳು ತಾಗಿದರೂ ಉರಿ. ಊರೆಲ್ಲ ಕ್ರಿಸ್‌ಮಸ್ ರಜೆಗೆ ಸಮುದ್ರದ ಕಡೆ ಬಾಚ್ ಎನ್ನುವ ರಜೆಯ ಮನೆಗಳನ್ನು ಬಾಡಿಗೆಗೆ ಹಿಡಿದು ಹೋಗಿದ್ದಾಗ ನಾನು ಸೊಂಟಕ್ಕೆ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಒಂದು ಸೋಮವಾರವನ್ನೂ ಬಿಡಲಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಅಮ್ಮ ಚಪ್ಪಲಿ ಹಾಕಿಕೊಂಡು, ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಲ್ಯಾಬಿನ ಹುಡುಗಿ ನನ್ನ ತೋಳಿಗೆ ಪಟ್ಟಿ ಕಟ್ಟುವಾಗ ಎದುರಿನ ಕುರ್ಚಿಯಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸಂಖ್ಯೆ ಇಳಿಯಿತು, ಒಮ್ಮೆ ಅಲ್ಲೇ ನಿಂತು ಜೀವ ತಿಂದಿತು, ಮತ್ತೆ ಇಳಿಯಿತು. ವೀಸಾ ಮುಗಿದು ಅಮ್ಮ ಹಿಂದಿರುಗುವ ಹೊತ್ತಿಗೆ ಇನ್ನೂ ಸ್ವಲ್ಪ ಉಳಿದಿತ್ತು. ಮಾರ್ಚಿನಲ್ಲಿ ಒಂದು ದಿನ ನರ್ಸ್ ಫೋನ್ ಮಾಡಿ, ಬಸುರಿಲ್ಲದ ಹೆಂಗಸಿನಲ್ಲಿ ಎಷ್ಟಿರಬೇಕೋ ಅಷ್ಟೇ ಇದೆ ಎಂದಳು. ಆಗಷ್ಟೇ ಕೆಲಸಕ್ಕೆ ಮರಳಿದ್ದ ನಾನು ಚರಂಡಿ ನಕ್ಷೆಯ ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ಗಂಡನಿಗೆ ಫೋನ್ ಮಾಡಿ ಹೇಳಿದೆ. ಅವನು ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಇನ್ನೂ ಒಂದು ವರ್ಷ ತಿಂಗಳಿಗೊಮ್ಮೆ ಪರೀಕ್ಷೆ, ಆ ಒಂದು ವರ್ಷ ಬಸುರಾಗುವಂತಿಲ್ಲ ಎಂದು ವೈದ್ಯೆ ಕಟ್ಟುನಿಟ್ಟಾಗಿ ಹೇಳಿದರು. ಬಸುರಾದರೆ ಅದೇ ಹಾರ್ಮೋನು ಏರುತ್ತದೆ, ರೋಗ ಮರಳಿತೋ ಮಗುವೋ ತಿಳಿಯದಾಗುತ್ತದೆ. ಇನ್ನೊಂದು ಮಗುವಿನ ಯೋಚನೆಯನ್ನು ನಾವು ಆಮೇಲೆ ಮಾಡಲೇ ಇಲ್ಲ.

ಮಗಳ ಮೊದಲ ಹುಟ್ಟುಹಬ್ಬವನ್ನು ಬಡಾವಣೆಯ ಸಮುದಾಯ ಭವನದಲ್ಲಿ ಮಾಡಿದೆವು. ಬೆಂಗಳೂರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಅಂದು ಮೊದಲ ಸಲ ನಮ್ಮನ್ನು ನೋಡಿದ್ದರು. ಅವರಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ನನ್ನ ಸೊಂಟದ ಮೇಲೆ ಕೂತು ಕೇಸರಿಬಾತಿನ ಕೈಯಿಂದ ನನ್ನ ಕೂದಲು ಜಗ್ಗುತ್ತಿದ್ದ ಮಗಳ ಗಲ್ಲ ಹಿಡಿದು ಮುದ್ದಾಡಿ, ಅವರು ನನ್ನ ಕಡೆ ತಿರುಗಿದರು.

"ಒಂದೇ ಸಾಕಾ? ಇವ್ಳಿಗೊಂದು ಜೊತೆ ಬೇಡ್ವೇನಮ್ಮ?"

ಪಕ್ಕದಲ್ಲಿ ತಟ್ಟೆ ಹಂಚುತ್ತಿದ್ದ ಗಂಡನ ಕೈ ನಿಂತಿತು. ಒಂದು ವರ್ಷದ ಹಿಂದೆಯಾಗಿದ್ದರೆ ಆ ಹೆಂಗಸಿಗೆ ಮುಖ ಎತ್ತದ ಹಾಗೆ ಉತ್ತರ ಕೊಡುತ್ತಿದ್ದೆ. ಅವತ್ತು ಸಿಟ್ಟೇ ಬರಲಿಲ್ಲ.

"ಜೊತೆಗೆ ನಾನಿದೀನಲ್ಲ ಆಂಟಿ," ಎಂದೆ.